ಆಕ್ಸೈಡ್ ಪಟ್ಟಿಯಲ್ಲಿ ಆವಿಗೆಯ ಕಾವು ಸಿಗುವುದಿಲ್ಲ

ಹಳೆಯ ಮಡಕೆ ಚೂರಿನ ಎಕ್ಸ್‌ಆರ್‌ಎಫ್ (ಎಕ್ಸ್-ಕಿರಣದಿಂದ ಧಾತುಗಳ ಪ್ರಮಾಣ ಅಳೆಯುವ ವಿಧಾನ) ವರದಿ ಮುಂದಿಟ್ಟು, ‘ಇದನ್ನು ಎಷ್ಟು ಡಿಗ್ರಿಯಲ್ಲಿ ಸುಟ್ಟಿದ್ದಾರೆ?’ ಎಂದು ಕೇಳುತ್ತಾರೆ. ಸಿಲಿಕಾ ಇಷ್ಟು, ಅಲ್ಯುಮಿನಾ ಇಷ್ಟು, ಸುಣ್ಣ 12%. ಆ ಪಟ್ಟಿ ಹಸಿ ಮಣ್ಣಿಗೂ ಸುಟ್ಟ ಮಡಕೆಗೂ ಹೆಚ್ಚುಕಡಿಮೆ ಒಂದೇ. ಬೆಂಕಿಗೆ ಹೋಗುವುದು ನೀರು, ಕಾರ್ಬನ್ ಡೈಆಕ್ಸೈಡ್, ಕಸಕಡ್ಡಿ. ಸುಣ್ಣದ ಕ್ಯಾಲ್ಸಿಯಂ ಎಲ್ಲಿಗೂ ಹೋಗದು, ಮನೆ ಬದಲಿಸುತ್ತದೆ ಅಷ್ಟೆ. 650 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜದಲ್ಲಿದ್ದದ್ದು 900 ದಾಟುವ ಹೊತ್ತಿಗೆ ಗೆಹ್ಲೆನೈಟ್, ಡಯೋಪ್ಸೈಡ್ ಎಂಬ ಹೊಸ ಖನಿಜಗಳಲ್ಲಿರುತ್ತದೆ. ಎಕ್ಸ್‌ಆರ್‌ಎಫ್‌ಗೆ ಎರಡೂ ಅದೇ 12%. ಖನಿಜ ಯಾವುದೆಂದು ಹೇಳುವುದು ಎಕ್ಸ್‌ಆರ್‌ಡಿ, ಅಂದರೆ ಎಕ್ಸ್-ಕಿರಣ ಚದುರುವ ರೀತಿಯಿಂದ ಹರಳಿನ ರಚನೆ ಗುರುತಿಸುವ ಪರೀಕ್ಷೆ.

ಪಟ್ಟಿ ಬೇಡವೆಂದಲ್ಲ, ಏನನ್ನು ಹುಡುಕಬೇಕೆಂದು ಅದೇ ತಿಳಿಸುತ್ತದೆ. ಸುಣ್ಣ 6%ಕ್ಕಿಂತ ತೀರಾ ಕಡಿಮೆಯಿದ್ದರೆ ಗೆಹ್ಲೆನೈಟ್‌ಗಾಗಿ ಕಣ್ಣು ನೋಯಿಸಿಕೊಳ್ಳಬೇಡಿ. ಎಕ್ಸ್‌ಆರ್‌ಡಿಯಲ್ಲಿ ಇಲ್ಲೈಟ್ ಎಂಬ ಜೇಡಿಮಣ್ಣಿನ ಖನಿಜದ ಗೆರೆ ಉಳಿದಿದೆಯೇ ನೋಡಿ, ಅದು ಸಾಮಾನ್ಯವಾಗಿ 900–950ರ ಸುಮಾರಿಗೆ ಅಳಿಯುತ್ತದೆ. ಬೆಣಚು 573ರಲ್ಲಿ ರೂಪ ಬದಲಿಸಿದರೂ ತಣ್ಣಗಾದಾಗ ಮೊದಲಿನಂತಾಗುತ್ತದೆ, ಅದರಿಂದ ಉಪಯೋಗವಿಲ್ಲ.

ಕ್ಯಾಲ್ಸೈಟ್ ಕಂಡ ಕೂಡಲೇ ‘ಕಡಿಮೆ ಕಾವು’ ಎಂದು ಬರೆಯುವುದು ಇನ್ನೊಂದು ತಪ್ಪು. ನೆಲದಡಿ ಹೂತಿದ್ದಾಗ ನೀರಿನ ಜತೆ ಬಂದ ಸುಣ್ಣ ಚೂರಿನ ರಂಧ್ರಗಳಲ್ಲಿ ಕ್ಯಾಲ್ಸೈಟ್ ಆಗಿ ಕೂರುತ್ತದೆ. ಚೂರಿನ ತೆಳುಛೇದವನ್ನು (ಬೆಳಕು ಹಾಯುವಷ್ಟು ತೆಳುವಾಗಿ ತೇದ ಬಿಲ್ಲೆ) ಸೂಕ್ಷ್ಮದರ್ಶಕದಲ್ಲಿ ನೋಡಿ: ರಂಧ್ರದ ಅಂಚಿಗೆ ನುಣ್ಣನೆಯ ಪೊರೆಯಂತಿದ್ದರೆ ಅದು ಆಮೇಲೆ ಸೇರಿದ್ದು. ಗೆಹ್ಲೆನೈಟ್ ಜತೆಗೇ ಕ್ಯಾಲ್ಸೈಟ್ ಸಿಕ್ಕರೂ ಅದೇ ಅನುಮಾನ ಬರಬೇಕು, ಆದರೆ ಪೂರ್ತಿ ಬೇಯದ ದಪ್ಪ ಸುಣ್ಣದ ಕಾಳೂ ಇರಬಹುದು.

ಖಚಿತಪಡಿಸಲು ಮರುಸುಡುವುದೇ ದಾರಿ. ಒಂದೇ ಚೂರಿನಿಂದ 5 ಮಿ.ಮೀ. ತುಣುಕುಗಳನ್ನು ಕತ್ತರಿಸಿ, 700ರಿಂದ 1,100ರವರೆಗೆ 50 ಡಿಗ್ರಿಗೊಂದರಂತೆ ಒಂದೊಂದು ಗಂಟೆ ಸುಡಿ. ಪ್ರತಿ ಸಲವೂ ಹೊಸ ತುಣುಕು. ಒಂದನ್ನು ಸುಡದೆ ಉಳಿಸಿಕೊಳ್ಳಿ. ಮುರಿದ ಮುಖಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹೋಲಿಸಿದಾಗ, ಕಾವಿಗೆ ಮಣ್ಣು ಕರಗಿ ಆಗುವ ಗಾಜಿನ ಜಾಲ ಮೊದಲು ಬದಲಾಗುವ ಹಂತಕ್ಕಿಂತ ಕೆಳಗೇ ಮೂಲ ಕಾವು. ಸುಣ್ಣ ಹೆಚ್ಚಿರುವ ಮಣ್ಣಿನಲ್ಲಿ 850ರಿಂದ 1,050ರ ತನಕ ಈ ಜಾಲ ಹೆಚ್ಚೇನೂ ಬದಲಾಗದು. ಅಲ್ಲಿ ಅಗಲವಾದ ವ್ಯಾಪ್ತಿಯನ್ನೇ ಕೊಡಬೇಕು, ‘920’ ಎಂದು ಬರೆಯಬಾರದು.

ಬಯಲು ಬೆಂಕಿಯಲ್ಲಿ ಗರಿಷ್ಠ ಕಾವು ಕೆಲವೇ ನಿಮಿಷ, ಆವಿಗೆಯಲ್ಲಿ ಗಂಟೆಗಟ್ಟಲೆ. ಆದ್ದರಿಂದ ‘ಒಂದು ಗಂಟೆಯ ಸುಡುವಿಕೆಗೆ ಸಮಾನ’ ಎಂದು ಸೇರಿಸಿ. ಹೊಗೆಗಟ್ಟಿದ ಬೆಂಕಿಯಲ್ಲಿ ಬೆಂದ ಕಪ್ಪು ಚೂರನ್ನು ಗಾಳಿಯಾಡುವ ಕುಲುಮೆಯಲ್ಲಿ ಮರುಸುಡಬೇಡಿ. ಆಮ್ಲಜನಕ ಕಡಿಮೆಯಾದಾಗ ಕಬ್ಬಿಣವೇ ದ್ರಾವಕವಾಗಿ ಮಣ್ಣನ್ನು 50 ಡಿಗ್ರಿಯಷ್ಟು, ಕೆಲವೊಮ್ಮೆ ಇನ್ನೂ ಮುಂಚೆ ಕರಗಿಸತೊಡಗುತ್ತದೆ. ಗಾಳಿಯಲ್ಲಿ ಹೋಲಿಸಿದರೆ ನಿಮ್ಮ ಅಂಕಿ ಅಷ್ಟೂ ಮೇಲಕ್ಕೆ ಹೋಗಿರುತ್ತದೆ.