ವ್ಯಾಮ್ ಕೊಳ್ಳುವ ಮುಂಚೆ ರಂಜಕ ನೋಡಿ

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಟೊಮೆಟೊ ಬೆಳೆಗಾರರಿಂದ ಪದೇ ಪದೇ ಕೇಳುವ ದೂರು ಇದು: "ವ್ಯಾಮ್ ಪುಡಿ ತಂದು ಹಾಕಿದೆ ಸಾರ್, ಹಾಕಿದ ಸಾಲಿಗೂ ಹಾಕದ ಸಾಲಿಗೂ ಏನೂ ವ್ಯತ್ಯಾಸ ಇಲ್ಲ." ವ್ಯಾಮ್ ಅಂದರೆ ಬೇರಿನೊಳಗೆ ಸೇರಿ ಗಿಡಕ್ಕೆ ರಂಜಕ (ಫಾಸ್ಫರಸ್) ತಂದುಕೊಡುವ ಮೈಕೋರೈಜಾ ಶಿಲೀಂಧ್ರ. ಪುಡಿಯೇ ಕಳಪೆ ಇರಬಹುದು, ಅದೂ ಉಂಟು. ಆದರೆ ನಾನು ಮೊದಲು ಕೇಳುವುದು ಮಣ್ಣು ಪರೀಕ್ಷೆಯ ಚೀಟಿ. ಲಭ್ಯ ರಂಜಕ ಹೆಕ್ಟೇರಿಗೆ 56 ಕೆ.ಜಿ. ದಾಟಿದ್ದರೆ ಅದರಲ್ಲಿ 'ಹೆಚ್ಚು' ಎಂದು ಬರೆದಿರುತ್ತದೆ. ಅಂಥ ಮಣ್ಣಲ್ಲಿ ಈ ಶಿಲೀಂಧ್ರಕ್ಕೆ ದೊಡ್ಡ ಕೆಲಸವೇನೂ ಇರುವುದಿಲ್ಲ.

ರಂಜಕ ನೀರಿನ ಜೊತೆ ಸಲೀಸಾಗಿ ಹರಿದು ಬರುವಂಥದ್ದಲ್ಲ. ನಮ್ಮ ಕೆಂಪು ಮಣ್ಣಲ್ಲಂತೂ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರ್ ಜಾಗದ ರಂಜಕ ಹೀರಿದರೆ ಮುಗಿಯಿತು, ಅಲ್ಲಿ ಖಾಲಿ. ಶಿಲೀಂಧ್ರದ ಎಳೆಗಳು ಅಲ್ಲಿಂದ ಸೆಂಟಿಮೀಟರ್‌ಗಟ್ಟಲೆ ಆಚೆ ಹೋಗಿ ರಂಜಕ ತರುತ್ತವೆ. ಪುಕ್ಕಟೆ ಅಲ್ಲ. ಎಲೆ ತಯಾರಿಸಿದ ಆಹಾರದಲ್ಲಿ ನೂರಕ್ಕೆ 4ರಿಂದ 20 ಪಾಲಿನವರೆಗೂ ಶಿಲೀಂಧ್ರಕ್ಕೆ ಹೋಗಬಹುದು. ರಂಜಕವಿರುವ ಡಿಎಪಿ ಗೊಬ್ಬರ ಸುರಿದು ಅದು ಬೇರಿನ ಬುಡಕ್ಕೇ ಬಂದರೆ ಗಿಡ ಯಾಕೆ ಇಷ್ಟು ಖರ್ಚು ಮಾಡುತ್ತೆ? ಶಿಲೀಂಧ್ರವನ್ನು ಕರೆಯಲು ಬೇರು ಬಿಡುವ ರಾಸಾಯನಿಕವನ್ನೇ ಕಡಿಮೆ ಮಾಡಿಬಿಡುತ್ತದೆ.

ಇದನ್ನು ಕೇಳಿ ಸಾವಯವದವರು ಮುಗುಳ್ನಗುತ್ತಾರೆ. ಸ್ವಲ್ಪ ತಡೆಯಿರಿ. ಸ್ವಿಟ್ಜರ್ಲೆಂಡ್‌ನಲ್ಲಿ 1978ರಲ್ಲಿ ಶುರುವಾದ, ಸಾವಯವ ಮತ್ತು ಸಾಮಾನ್ಯ ಬೇಸಾಯದ ಹೋಲಿಕೆ ಪ್ರಯೋಗದಲ್ಲಿ, ಶಿಲೀಂಧ್ರ ಹಬ್ಬಿದ ಬೇರಿನ ಉದ್ದ ಸಾವಯವ ತಾಕುಗಳಲ್ಲಿ ನೂರಕ್ಕೆ 40ರಷ್ಟು ಜಾಸ್ತಿ ಇತ್ತು, ನಿಜ. ಆದರೆ ಆ ತಾಕುಗಳಿಗೆ ಹಾಕಿದ ಪೋಷಕಾಂಶವೂ ಕಡಿಮೆಯೇ. ಲೋಡುಗಟ್ಟಲೆ ಕೋಳಿಗೊಬ್ಬರ ಹೊಡೆಸುವ 'ಸಾವಯವ' ತೋಟದಲ್ಲಿ ರಂಜಕ ಡಿಎಪಿ ತೋಟಕ್ಕಿಂತ ಮೇಲೇರಿರಬಹುದು. ಕಳೆಗೆಂದು ಮತ್ತೆ ಮತ್ತೆ ಟಿಲ್ಲರ್ ಹೊಡೆದರೆ ಎಳೆಗಳ ಜಾಲವೂ ಅಷ್ಟು ಸಲ ಹರಿಯುತ್ತದೆ.

ಎಲೆಕೋಸು, ಹೂಕೋಸು, ಮೂಲಂಗಿ, ಪಾಲಕ್, ಬೀಟ್‌ರೂಟ್ ಬೇರಿಗೆ ಈ ಶಿಲೀಂಧ್ರ ಕೂಡುವುದೇ ಇಲ್ಲ ಅನ್ನಬಹುದು. ಕೋಸಿಗೆ ವ್ಯಾಮ್ ಹಾಕುವುದು ಸುಮ್ನೆ ದುಡ್ಡು ದಂಡ. ಕೋಸಿನ ಮೇಲೆ ಕೋಸು ಬೆಳೆದ ಹೊಲಕ್ಕೆ ಈರುಳ್ಳಿ ಬಂದರೆ ಕಷ್ಟ. ಈರುಳ್ಳಿಗೆ ಬೇರುಗೂದಲು ತೀರಾ ಕಡಿಮೆ, ಶಿಲೀಂಧ್ರವನ್ನೇ ನೆಚ್ಚಿಕೊಂಡ ಬೆಳೆ ಅದು. ನಡುವೆ ಒಂದು ರಾಗಿಯೋ ಮುಸುಕಿನ ಜೋಳವೋ ಹುರುಳಿಯೋ ಬಂದರೆ ಮಣ್ಣಲ್ಲಿ ಶಿಲೀಂಧ್ರ ಚೇತರಿಸಿಕೊಳ್ಳುತ್ತದೆ.

ಗೊಬ್ಬರದ ಗುಂಡಿಯ ಬಿಳಿ ಬೂಷ್ಟು ತೋರಿಸಿ "ಇದೇ ಅಲ್ವಾ?" ಅನ್ನುವವರಿದ್ದಾರೆ. ಅಲ್ಲ. ಬೇರೊಳಗಿನ ಈ ಶಿಲೀಂಧ್ರ ಬರಿಗಣ್ಣಿಗೆ ಕಾಣದು. ಎಳೆ ಬೇರನ್ನು ಕ್ಷಾರದಲ್ಲಿ ಬಿಸಿ ಮಾಡಿ, ನೀಲಿ ಬಣ್ಣ ಹಿಡಿಸಿ, ಸೂಕ್ಷ್ಮದರ್ಶಕದ ಕೆಳಗಿಡಬೇಕು. ಆಗ ಜೀವಕೋಶದೊಳಗೆ ಪುಟ್ಟ ಮರದ ಹಾಗೆ ಕವಲೊಡೆದ ರಚನೆ ಕಾಣುತ್ತದೆ, ಕೆಲವೆಡೆ ಕೊಬ್ಬು ತುಂಬಿದ ಗುಳ್ಳೆಗಳೂ.

ಹಾಕುವುದಾದರೆ ನರ್ಸರಿಯಲ್ಲೇ ಹಾಕಿ. ಸಸಿ ಬೆಳೆಸುವ ಪ್ರೋಟ್ರೇಯ ಕೊಕೊಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಈ ಶಿಲೀಂಧ್ರ ಸಾಮಾನ್ಯವಾಗಿ ಇರುವುದಿಲ್ಲ. ಬೀಜ ಹಾಕುವಾಗಲೇ ಪುಡಿ ಬೆರೆಸಿದರೆ ಮೊದಲ ಬೇರಿಗೇ ತಗಲುತ್ತದೆ. ಆಮೇಲೆ ಸಸಿ ಸಾಯುವ ರೋಗ ಬಂತೆಂದು ಟ್ರೇಗೆ ಶಿಲೀಂಧ್ರನಾಶಕ ಕಾರ್ಬೆಂಡಜಿಮ್ ಸುರಿದರೆ ಹಾಕಿದ್ದು ಹಾಳು. ಎರಡು ಟ್ರೇ ಮಾತ್ರ ಪುಡಿ ಇಲ್ಲದೆ ಬೆಳೆಸಿ, ಪಕ್ಕದ ಸಾಲಿನಲ್ಲಿ ಗುರುತು ಹಾಕಿ ನೆಡಿ. ಎರಡೂ ಕಡೆ ಡಿಎಪಿ ಒಂದೇ ಪ್ರಮಾಣದಲ್ಲಿ ತಗ್ಗಿಸಿ. ಪುಡಿಗೆ ಕೊಟ್ಟ ದುಡ್ಡು ಹುಟ್ಟಿತೋ ಇಲ್ಲವೋ ಕ್ರೇಟು ಎಣಿಸುವಾಗ ಗೊತ್ತಾಗುತ್ತದೆ.