‘ಯೆಸ್, ಮೇಡಂ’ನಲ್ಲಿ ನಿಜವಾದ ಫೈಟರ್ ಯಾರು?

ಪ್ರಶ್ನೆ: 1985ರ ಹಾಂಗ್‌ಕಾಂಗ್ ಸಿನಿಮಾ ‘ಯೆಸ್, ಮೇಡಂ’ ನೋಡಿದೆ. ಮಿಶೆಲ್ ಯೋ ಬಿಡಿ, ಚಿಕ್ಕಂದಿನಿಂದ ಕುಂಗ್‌ಫು ಕಲಿತವರು. ಆ ಬಿಳಿ ಪೊಲೀಸ್ ಹೆಂಗಸನ್ನ ಸುಮ್ನೆ ಶೋಕಿಗೆ ಹಾಕಿಕೊಂಡಿದ್ದಲ್ವಾ?

ಉಲ್ಟಾ. ಪೂರ್ತಿ ಉಲ್ಟಾ. ಇದನ್ನ ಎಷ್ಟು ಸಲ ಹೇಳಿದ್ದೀನೋ ಲೆಕ್ಕ ಇಲ್ಲ, ಇನ್ನೊಂದು ಸಲ ಹೇಳ್ತೀನಿ.

ಆ ಬಿಳಿ ಹೆಂಗಸು ಸಿಂಥಿಯಾ ರಾಥ್‌ರಾಕ್. ಅಮೆರಿಕದವರು. ಈ ಸಿನಿಮಾಕ್ಕೆ ಬರುವ ಮೊದಲೇ ಸಮರಕಲೆಯ ಪ್ರದರ್ಶನ ಸ್ಪರ್ಧೆಗಳಲ್ಲಿ ವರ್ಷಗಟ್ಟಲೆ ಚಾಂಪಿಯನ್. ಇವರಿಗೆ ಬಾರದಿದ್ದದ್ದು ಹಾಂಗ್‌ಕಾಂಗ್ ಜನ ಆಡುವ ಕ್ಯಾಂಟನೀಸ್ ಭಾಷೆ, ಹೊಡೆದಾಟ ಅಲ್ಲ.

ಮಿಶೆಲ್ ಯೋ ಕಲಿತದ್ದು ಬ್ಯಾಲೆ. ಹೌದು, ಬೆರಳ ತುದಿಯಲ್ಲಿ ನಿಂತು ಕುಣಿಯುವ ಅದೇ ಬ್ಯಾಲೆ! ಹುಟ್ಟಿದ್ದು 1962ರಲ್ಲಿ, ಮಲೇಷ್ಯಾದ ಇಪೋ ಊರಲ್ಲಿ. ನೃತ್ಯ ಕಲಿಯಲು ಇಂಗ್ಲೆಂಡಿಗೆ ಹೋಗಿ, ಬೆನ್ನಿಗೆ ಪೆಟ್ಟಾಗಿ, ಆ ಕನಸು ಅಲ್ಲಿಗೇ ನಿಂತಿತು. 1983ರಲ್ಲಿ ಮಿಸ್ ಮಲೇಷ್ಯಾ ಆದರು, ಆಮೇಲೆ ಜಾಕಿ ಚಾನ್ ಜೊತೆ ಒಂದು ವಾಚಿನ ಜಾಹೀರಾತು, ಅಲ್ಲಿಂದ ಸಿನಿಮಾ. ಚಿಕ್ಕಂದಿನಲ್ಲಿ ಆಡುತ್ತಿದ್ದದ್ದು ಇಂಗ್ಲಿಷ್, ಮಲಯ. ಕ್ಯಾಂಟನೀಸ್ ಕಲಿತದ್ದೇ 80ರ ದಶಕದಲ್ಲಿ. ಹೊಡೆದಾಟ ಕಲಿತದ್ದು ಸಿನಿಮಾಕ್ಕೆ ಬಂದ ಮೇಲೆ, ಸ್ಟಂಟ್ ಹುಡುಗರ ಜೊತೆ ಜಿಮ್‌ನಲ್ಲಿ ಬೆವರು ಸುರಿಸಿ.

ಚೀನೀ ಮುಖ ಕಂಡ ಕೂಡಲೇ ‘ಕುಂಗ್‌ಫು ರಕ್ತದಲ್ಲೇ ಇದೆ’ ಅನ್ನೋದು ಕೇರಳದವರಿಗೆಲ್ಲ ಕಳರಿ ಬರುತ್ತೆ ಅಂದಂಗೆ. ಅಭಿಮಾನದಿಂದ ಹೇಳ್ತೀರಿ, ಗೊತ್ತು. ಆದರೆ ಆಕೆ ಕಷ್ಟಪಟ್ಟು ಕಲಿತದ್ದನ್ನೆಲ್ಲ ಹುಟ್ಟಿನ ಖಾತೆಗೆ ಜಮಾ ಮಾಡಿದ ಹಾಗಾಯ್ತು.

ನಂಬಿಕೆ ಬರದಿದ್ದರೆ ಕೊನೆಯ ಫೈಟ್ ಮತ್ತೆ ಹಾಕಿ ನೋಡಿ. ಯೋ ರೇಲಿಂಗ್ ಮೇಲೆ ಕೂತವರು ಹಾಗೇ ಹಿಂದಕ್ಕೆ ಬೀಳ್ತಾರೆ. ಮಂಡಿಯಲ್ಲಿ ತಲೆಕೆಳಗಾಗಿ ನೇತಾಡುತ್ತಾ ಗಾಜು ಒಡೆದು, ಕೆಳಗಿಂದ ಇಬ್ಬರು ರೌಡಿಗಳನ್ನ ಎಳೆದು ಬೀಳಿಸ್ತಾರೆ. ಆ ಬೆನ್ನು ಬಾಗುವ ರೀತಿ ನೋಡಿ, ಅದು ಕುಣಿದ ಮೈ. ಆಮೇಲೆ ರಾಥ್‌ರಾಕ್ ಒದೆಯೋದು ನೋಡಿ. ಒಂದು ಚೂರೂ ಅಲಂಕಾರ ಇಲ್ಲ, ನೇರ ಏಟು.

ಮತ್ತೆ ಬಿಳಿಯರು ಅಲ್ಲಿ ಯಾಕೆ ಅಂದ್ರೆ, ಹಾಂಗ್‌ಕಾಂಗ್ 1997ರ ತನಕ ಬ್ರಿಟಿಷರ ಕೈಯಲ್ಲಿತ್ತು, ಪೊಲೀಸ್ ಪಡೆಗೆ ‘ರಾಯಲ್’ ಅನ್ನೋ ಬಿರುದೂ ಇತ್ತು, ಬಿಳಿಯ ಅಧಿಕಾರಿಗಳೂ ಇದ್ದರು. ಕಥೆಯಲ್ಲಿ ರಾಥ್‌ರಾಕ್ ಸ್ಕಾಟ್‌ಲೆಂಡ್ ಯಾರ್ಡ್‌ನಿಂದ, ಅಂದ್ರೆ ಲಂಡನ್ ಪೊಲೀಸರ ಕೇಂದ್ರ ಕಚೇರಿಯಿಂದ ಬಂದವರು. ಅಲ್ಲಿನ ಜನಕ್ಕೆ ಇದೇನೂ ವಿಚಿತ್ರ ಅನ್ನಿಸಿರಲಾರದು. ಸಿನಿಮಾದ ಕ್ಯಾಂಟನೀಸ್ ಹೆಸರಿನ ಅರ್ಥವೇ ಹೆಚ್ಚುಕಡಿಮೆ ‘ರಾಯಲ್ ಅಕ್ಕಂದಿರು’. ಒಂದೇ ಗುರುವಿನ ಹತ್ತಿರ ನಮಗಿಂತ ಮೊದಲು ಕಲಿತವಳನ್ನ ಕರೆಯೋ ‘ಅಕ್ಕ’ ಅದು. ಮಹಿಳಾ ಪೊಲೀಸರನ್ನೂ ಜನ ಹಾಗೇ ಕರೀತಾರೆ.

ನಗಿಸುವ ಕೆಲಸ ಮಾತ್ರ ಮೂವರು ಕಳ್ಳರಿಗೆ ಬಿಟ್ಟಿದ್ದಾರೆ. ಹೆಸರು ಆಸ್ಪಿರಿನ್, ಸ್ಟ್ರೆಪ್ಸಿಲ್, ಪನಡಾಲ್, ಎಲ್ಲಾ ಮಾತ್ರೆಗಳ ಹೆಸರೇ. ಅಕ್ಕಂದಿರು ಒದೆಯಬೇಕು, ಗಂಡಸರು ತಮಾಷೆ ಮಾಡಬೇಕು. ನನ್ನ ತಕರಾರು ಇಲ್ಲೇ. ಆ ಕಳ್ಳರ ಪೇಚಾಟಕ್ಕೆ ಇಷ್ಟು ಹೊತ್ತು ಕೊಡೋ ಬದಲು ಈ ಇಬ್ಬರನ್ನೂ ಒಂದು ಕಡೆ ಕೂರಿಸಿ ಒಂಚೂರು ಮಾತಾಡಿಸಬಹುದಿತ್ತು.

ಇನ್ನೊಂದು ವಿಷಯ, ನೀವ್ಯಾರೂ ಕೇಳಲಿಲ್ಲ. ಆ ಪೊಲೀಸ್ ಪಡೆಯಲ್ಲಿ ನಮ್ಮವರೂ ಇದ್ದರು. 1860ರ ದಶಕದಿಂದಲೇ ಪಂಜಾಬಿನ ಸಿಖ್ಖರನ್ನ ಸೇರಿಸಿಕೊಳ್ಳುತ್ತಿದ್ದರು, ಪೇಟ ಸುತ್ತಿ ಬೀಟ್ ತಿರುಗಿದವರು ಅವರು. ಮಹಿಳೆಯರು ಆ ಪಡೆಗೆ ಬಂದದ್ದು 1949ರಲ್ಲಿ, ಅಂದರೆ 80 ವರ್ಷಕ್ಕೂ ಜಾಸ್ತಿ ಆದ ಮೇಲೆ. ಲಂಡನ್ನಿನಿಂದ ವಿಮಾನ ಹತ್ತಿ ಬಂದ ಇನ್‌ಸ್ಪೆಕ್ಟರಿಗೆ ಈ ಸಿನಿಮಾದಲ್ಲಿ ಮುಖ್ಯ ಪಾತ್ರ ಸಿಕ್ಕಿದೆ. ಅಷ್ಟು ಕಾಲ ಅಲ್ಲೇ ಲಾಠಿ ಹಿಡಿದವರ ಮೊಮ್ಮಕ್ಕಳಿಗೆ ಹೇಳಿಕೊಳ್ಳುವಂಥ ಪಾತ್ರ ಒಂದೂ ಇಲ್ಲ.