ಆಪ್‌ನಲ್ಲಿ ಕ್ಯಾಲೊರಿ ಒಂದು, ಮ್ಯಾಕ್ರೋ ಕೂಡಿದ್ರೆ ಇನ್ನೊಂದು: ಯಾಕೆ ಹಿಂಗೆ?

ಮೈಸೂರಲ್ಲಿ ನನ್ನ ಹತ್ರ ಡಯಟ್ ಕೇಳ್ಕೊಂಡು ಬರೋರಲ್ಲಿ ಈಗ ತುಂಬಾ ಜನ ಮೊಬೈಲ್‌ಗೆ ಆಪ್ ಹಾಕ್ಕೊಂಡೇ ಬರ್ತಾರೆ, ಬೆಳಗ್ಗೆ ಇಡ್ಲಿಯಿಂದ ಹಿಡಿದು ರಾತ್ರಿ ಮಜ್ಜಿಗೆ ತನಕ ಎಲ್ಲಾ ಬರ್ದಿರ್ತಾರೆ, ಆಮೇಲೆ ಕ್ಯಾಲ್ಕುಲೇಟರ್ ತೆಗ್ದು ಪ್ರೋಟೀನ್ ಇಂಟು ನಾಲ್ಕು, ಕಾರ್ಬ್ ಇಂಟು ನಾಲ್ಕು, ಫ್ಯಾಟ್ ಇಂಟು ಒಂಬತ್ತು ಅಂತ ಕೂಡಿ ನನ್ ಮುಂದೆ ಹಿಡೀತಾರೆ (ಈ ಮೂರಕ್ಕೇ ಮ್ಯಾಕ್ರೋ ಅನ್ನೋದು, ಒಂದೊಂದು ಗ್ರಾಂಗೆ ಅಷ್ಟಷ್ಟು ಕ್ಯಾಲೊರಿ ಅನ್ನೋ ಲೆಕ್ಕ). "ಮೇಡಂ, ಮೇಲ್ಗಡೆ 1,640 ಅಂತಿದೆ, ಕೆಳಗಿಂದು ಕೂಡಿದ್ರೆ 1,720 ಬರ್ತಿದೆ, ಯಾವ್ದು ನಂಬೋದು?"

ಎರಡನ್ನೂ ನಂಬಿ, ಆದ್ರೆ ಎರಡೂ ಒಂದೇ ಲೆಕ್ಕ ಅನ್ಕೋಬೇಡಿ. ಸುಮಾರು ಆಪ್‌ಗಳಲ್ಲಿ ಕ್ಯಾಲೊರಿ ಅನ್ನೋದು ಕೆಳಗಿರೋ ಮೂರನ್ನ ಕೂಡಿ ಬಂದಿದ್ದಲ್ಲ, ಯಾವ ಆಹಾರದಲ್ಲಿ ಏನೆಷ್ಟಿದೆ ಅಂತ ಕೊಡೋ ಯಾವುದೋ ಟೇಬಲ್‌ನಿಂದ (ಪಟ್ಟಿಯಿಂದ) ಅಥವಾ ಪ್ಯಾಕೆಟ್ ಮೇಲಿಂದ ಬೇರೆಯಾಗೇ ಎತ್ತಿ ಹಾಕಿರೋ ಸಂಖ್ಯೆ. ಆ ಟೇಬಲ್ ಮಾಡ್ದೋರು ನಾಲ್ಕು-ನಾಲ್ಕು-ಒಂಬತ್ತರ ಲೆಕ್ಕನೇ ಹಾಕಿರ್ತಾರೆ ಅಂತ ಏನೂ ಇಲ್ಲ.

ಈ 4-4-9 ಬಂದಿದ್ದು ಅಮೆರಿಕದ ವಿಲ್ಬರ್ ಅಟ್‌ವಾಟರ್ ಅನ್ನೋ ವಿಜ್ಞಾನಿ 1890ರ ದಶಕದಲ್ಲಿ ಮಾಡಿದ ಕೆಲಸದಿಂದ. ಪ್ರೋಟೀನ್‌ನ ಹಂಗೇ ಸುಟ್ರೆ ಗ್ರಾಂಗೆ ಐದೂವರೆಗಿಂತ ಜಾಸ್ತಿನೇ ಕ್ಯಾಲೊರಿ ಬರುತ್ತೆ, ಆದ್ರೆ ನಮ್ಮ ಮೈಯಲ್ಲಿ ಒಂದು ಪಾಲು ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತೆ, ಇನ್ನೊಂದಿಷ್ಟು ಜೀರ್ಣನೇ ಆಗಲ್ಲ, ಎಲ್ಲಾ ಕಳೆದು ಉಳಿಯೋದು ಸುಮಾರು ನಾಲ್ಕು. ಅದು ಎಲ್ಲಾ ಊಟ ಸೇರಿಸಿ ತೆಗ್ದ ಸರಾಸರಿ. ಅಮೆರಿಕದ ಕೃಷಿ ಇಲಾಖೆಯೋರು ಆಮೇಲೆ ಒಂದೊಂದು ಥರದ ಆಹಾರಕ್ಕೂ ಬೇರೆ ಬೇರೆ ಸಂಖ್ಯೆ ಕೊಟ್ರು, ಮೊಟ್ಟೆ ಪ್ರೋಟೀನ್‌ಗೆ 4.36, ಹಣ್ಣಿನ ಕಾರ್ಬ್‌ಗೆ 3.6, ಹಿಂಗೆ. ಅದಕ್ಕೇ ಅವರ ಟೇಬಲ್‌ನಲ್ಲಿ ನೂರು ಗ್ರಾಂ ಬಾಳೆಹಣ್ಣಿಗೆ 89 ಕ್ಯಾಲೊರಿ ಅಂತಿರುತ್ತೆ, ನೀವು ಕೂಡಿದ್ರೆ 99 ಬರುತ್ತೆ. ಮೊಟ್ಟೆಗೆ ಉಲ್ಟಾ, ಟೇಬಲ್‌ನಲ್ಲಿ 143, ನಿಮ್ಮ ಲೆಕ್ಕದಲ್ಲಿ 139. ಯಾರದ್ದೂ ತಪ್ಪಿಲ್ಲ. (ಆ ಬಾಳೆಹಣ್ಣು ನಮ್ಮ ಪಚ್ಚಬಾಳೆ ಜಾತೀದು, ನಂಜನಗೂಡು ರಸಬಾಳೆ ಹಾಕಿ ಹುಡುಕಿದ್ರೂ ಆಪ್ ನಿಮಗೆ ಅದನ್ನೇ ತೋರಿಸೋ ಸಾಧ್ಯತೆ ಜಾಸ್ತಿ.)

ನಮ್ ಕಡೆಯೋರಿಗೆ ಇದಕ್ಕಿಂತ ದೊಡ್ಡ ಗೊಂದಲ ಆಗೋದು ರಾಗಿಯಲ್ಲಿ, ಅಂದ್ರೆ ನಾರಿನ ಲೆಕ್ಕದಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೇ ಪುಸ್ತಕದಲ್ಲಿ ನೂರು ಗ್ರಾಂ ರಾಗಿಗೆ ಕಾರ್ಬ್ 72 ಗ್ರಾಂ, ನಾರು 3.6 ಅಂತಿತ್ತು, ನಾವೆಲ್ಲ ಕಾಲೇಜಲ್ಲಿ ಬಾಯಿಪಾಠ ಮಾಡಿದ್ದೇ ಅದನ್ನ. 2017ರಲ್ಲಿ ಬಂದ ಹೊಸ ಟೇಬಲ್‌ನಲ್ಲಿ ಕಾರ್ಬ್ ಸುಮಾರು 67, ನಾರು 11 ಚಿಲ್ರೆ. ರಾಗಿ ಏನೂ ಬದಲಾಗ್ಲಿಲ್ಲ, ನಾರು ಅಳೆಯೋ ವಿಧಾನ ಬದಲಾಯ್ತು, ಮೊದಲು ಕಾರ್ಬ್ ಒಳಗೆ ಸೇರ್ಕೊಂಡಿದ್ದ ನಾರು ಈಗ ಹೊರಗೆ ಬಂತು. ಹೊಸ ಟೇಬಲ್‌ನಲ್ಲಿ ಶಕ್ತಿನ ಕಿಲೋಜೂಲ್‌ನಲ್ಲಿ ಕೊಟ್ಟಿದಾರೆ, 4.184ರಿಂದ ಭಾಗಿಸಿದ್ರೆ ರಾಗಿಗೆ ಸುಮಾರು 321 ಕ್ಯಾಲೊರಿ ಬರುತ್ತೆ. ಇಲ್ಲಿವರ್ಗೂ ಸರಿ. ಆದ್ರೆ ಅಮೆರಿಕದ ಪದ್ಧತಿಯಲ್ಲಿ ಟೋಟಲ್ ಕಾರ್ಬ್ ಅಂದ್ರೆ ನಾರೂ ಸೇರಿ, ಅಂದ್ರೆ 78. ಯಾವುದೋ ಆಪ್ ಕ್ಯಾಲೊರಿನ ನಮ್ಮ ಹೊಸ ಟೇಬಲ್‌ನಿಂದ ತಗೊಂಡು ಕಾರ್ಬ್‌ನ ನಾರು ಸೇರಿಸಿ ತೋರಿಸಿದ್ರೆ ನಿಮ್ಮ ಲೆಕ್ಕ 358ಕ್ಕೆ ಹೋಗುತ್ತೆ, ನೂರು ಗ್ರಾಂ ಹಿಟ್ಟಿಗೇ 37 ಕ್ಯಾಲೊರಿ ವ್ಯತ್ಯಾಸ! ನಾರಿಗೆ ಸಾಮಾನ್ಯವಾಗಿ ಗ್ರಾಂಗೆ ಎರಡೇ ಕ್ಯಾಲೊರಿ ಹಿಡಿಯೋದು, ನಾಲ್ಕಲ್ಲ. ಮಧ್ಯಾಹ್ನ ರಾತ್ರಿ ಎರಡೂ ಹೊತ್ತು ಮುದ್ದೆ, ಜೊತೆಗೆ ಹುರುಳಿಕಾಳು ಸಾರು ಅಥವಾ ಬಸ್ಸಾರು ಉಣ್ಣೋರಿಗೆ ದಿನದ ಲೆಕ್ಕದಲ್ಲಿ ನೂರು ಕ್ಯಾಲೊರಿ ಹೆಚ್ಚುಕಮ್ಮಿ ಬರೋಕೆ ಇದೊಂದೇ ಸಾಕು, ಬರೀ ಅನ್ನ ಉಣ್ಣೋರಿಗೆ ಅಷ್ಟು ಬರಲ್ಲ.

ಇನ್ನೊಂದು ವಿಷ್ಯ ಹೇಳ್ಲೇಬೇಕು. ಮಂಡ್ಯ ಕಡೆಯಿಂದ ಗಂಡ ಹೆಂಡ್ತಿ ಬಂದಿದ್ರು, ಆತ ಬಹಳ ಶಿಸ್ತು, ಒಂದು ಹಪ್ಪಳ ತಿಂದಿದ್ರೂ ಬರ್ದಿರೋರು. "ನೋಡಿ ಮೇಡಂ, ವಾರವೆಲ್ಲಾ ಲೆಕ್ಕ ಸರಿ ಇರುತ್ತೆ, ಶನಿವಾರ ಮಾತ್ರ ನಾನೂರು ಚಿಲ್ರೆ ಕ್ಯಾಲೊರಿ ಎಲ್ಲಿಂದ ಬರುತ್ತೋ ಗೊತ್ತಾಗಲ್ಲ, ಈ ಆಪ್ ಸರಿ ಇಲ್ಲ" ಅಂದ್ರು. ಮೊಬೈಲ್ ಇಸ್ಕೊಂಡು ಶನಿವಾರದ ಪಟ್ಟಿ ನೋಡ್ತಾ ಹೋದೆ, ಕೊನೇಲಿ ವಿಸ್ಕಿ 180 ಎಂಎಲ್ ಅಂತಿತ್ತು, ಪ್ರೋಟೀನ್ ಸೊನ್ನೆ ಕಾರ್ಬ್ ಸೊನ್ನೆ ಫ್ಯಾಟ್ ಸೊನ್ನೆ. ಆಲ್ಕೋಹಾಲ್ ಈ ಮೂರರಲ್ಲಿ ಯಾವುದಕ್ಕೂ ಸೇರಲ್ಲ, ಅದಕ್ಕೆ ಅದರದ್ದೇ ಲೆಕ್ಕ, ಗ್ರಾಂಗೆ ಏಳು ಕ್ಯಾಲೊರಿ. 42.8 ಪರ್ಸೆಂಟ್ ಇರೋ ನಮ್ ವಿಸ್ಕಿ ಒಂದು ಕ್ವಾರ್ಟರ್‌ನಲ್ಲಿ ಸುಮಾರು 61 ಗ್ರಾಂ ಆಲ್ಕೋಹಾಲ್, ಅಂದ್ರೆ ಸುಮಾರು 425 ಕ್ಯಾಲೊರಿ. ವಿವರಿಸ್ದೆ. ಆತ "ಹೌದಾ" ಅಂದ್ರು. ಪಕ್ಕದಲ್ಲಿದ್ದ ಅವರ ಮನೆಯೋರು "ಒಂದು ನೈಂಟಿ ಅಂತಿದ್ರಲ್ಲಾ ನೀವು" ಅಂದ್ರು, ಅಲ್ಲಿಗೆ ನಾನು ಬಿಪಿ ಚೆಕ್ ಮಾಡೋಣ ಬನ್ನಿ ಅಂತ ಮಾತು ಬದಲಾಯಿಸ್ದೆ.

ಜಿಮ್ ಹುಡುಗ್ರು ತಿನ್ನೋ ಪ್ರೋಟೀನ್ ಬಾರ್ ಕಥೆನೂ ಇದೇ ಥರ, ಅದರಲ್ಲಿ ಸಕ್ಕರೆ ಬದಲು ಸಿಹಿಗೆ ಹಾಕೋ ಮಾಲ್ಟಿಟಾಲ್, ಎರಿತ್ರಿಟಾಲ್ ಇರುತ್ತೆ, ಎರಡೂ ಕಾರ್ಬ್ ಲೆಕ್ಕದಲ್ಲಿ ಸೇರ್ಕೊಂಡಿರುತ್ತೆ, ಆದ್ರೆ ಮೊದಲ್ನೇದಕ್ಕೆ ಗ್ರಾಂಗೆ ಎರಡು ಚಿಲ್ರೆ ಕ್ಯಾಲೊರಿ, ಎರಡ್ನೇದಕ್ಕೆ ಹತ್ತಿರ ಹತ್ತಿರ ಸೊನ್ನೆ. ಪ್ಯಾಕೆಟ್ ಸರಿ ಇದ್ರೂ ನೀವು ಕೂಡಿದ್ರೆ ಜಾಸ್ತಿನೇ ಬರೋದು.

ಇಷ್ಟು ಹೇಳಿದ್ಮೇಲೆ ನಿಜವಾದ ತಪ್ಪುಗಳೂ ಇರ್ತವೆ. ಆಪ್‌ನಲ್ಲಿ ಯಾರು ಬೇಕಾದ್ರೂ ಊಟದ ಹೆಸರು ಸೇರಿಸಬಹುದು, ಯಾರೋ "ರಾಗಿ ಮುದ್ದೆ, ಒಂದು, 150 ಕ್ಯಾಲೊರಿ, ಕಾರ್ಬ್ 60 ಗ್ರಾಂ" ಅಂತ ಹಾಕಿರ್ತಾರೆ. ಅರವತ್ತನ್ನ ನಾಲ್ಕರಿಂದ ಗುಣಿಸಿದ್ರೆ ಕಾರ್ಬ್‌ಗೇ 240 ಆಯ್ತಲ್ಲ, 150 ಹೆಂಗಾಗುತ್ತೆ? ನಾರು, ಟೇಬಲ್ಲು ಯಾವುದೂ ಇಂಥದ್ದನ್ನ ಸಮರ್ಥಿಸಲ್ಲ, ಅಂಥ ಎಂಟ್ರಿ ಕಂಡ್ರೆ ಬಿಟ್ಟು ಬೇರೆದು ಹುಡುಕಿ. ಹಿಟ್ಟಿನ ತೂಕನ ಮುದ್ದೆ ತೂಕ ಅಂತ ಹಾಕೋರೂ ಇದಾರೆ, ನೀರು ಕುಡಿದು ಮುದ್ದೆ ಹಿಟ್ಟಿನ ಎರಡರಷ್ಟಕ್ಕಿಂತ ಜಾಸ್ತಿ ತೂಗುತ್ತೆ, ಅಲ್ಲಿ ಎರಡು ಲೆಕ್ಕವೂ ಒಟ್ಟಿಗೇ ಕೆಡೋದ್ರಿಂದ ಕೂಡಿ ನೋಡಿದ್ರೂ ಗೊತ್ತಾಗಲ್ಲ, ಅದು ಇನ್ನೂ ಅಪಾಯ.

ದಿನಕ್ಕೆ ಐವತ್ತು, ನೂರು ವ್ಯತ್ಯಾಸ ಬಂದ್ರೆ ನಾನಂತೂ ನೋಡೋಕೂ ಹೋಗಲ್ಲ. ಸಾರಿನ ಒಗ್ಗರಣೆಗೆ ಕಣ್ಣಳತೇಲಿ ಒಂದು ಸ್ಪೂನ್ ಎಣ್ಣೆ ಜಾಸ್ತಿ ಬಿದ್ರೆ ಅಷ್ಟೇ ಕ್ಯಾಲೊರಿ. ಇನ್ನೂರು ದಾಟಿದ್ರೆ ಒಟ್ಟು ಲೆಕ್ಕ ಬಿಟ್ಟು ಒಂದೊಂದೇ ಸಾಲು ಕೂಡಿ ನೋಡಿ, ಸಾಮಾನ್ಯವಾಗಿ ಒಂದೋ ಎರಡೋ ಸಾಲಲ್ಲಿ ಸಿಕ್ಕಿಬೀಳುತ್ತೆ. ತೂಕ ಇಳಿಸೋರಿಗೆ ಕ್ಯಾಲೊರಿ ಸಾಲು ಮುಖ್ಯ, ಪ್ರತಿ ವಾರ ಒಂದೇ ಟೇಬಲ್, ಒಂದೇ ಎಂಟ್ರಿ ಬಳಸಿದ್ರೆ ಸಾಕು. ಇನ್ಸುಲಿನ್ ತಗೊಳೋ ಮಕ್ಕಳ ಅಪ್ಪ ಅಮ್ಮಂದ್ರು ಮಾತ್ರ ಕಾರ್ಬ್ ಸಾಲಲ್ಲಿ ನಾರು ಸೇರಿದೆಯೋ ಇಲ್ಲವೋ ಅಂತ ಖಾತ್ರಿ ಮಾಡ್ಕೊಳ್ಳಿ, ಡೋಸ್ ಲೆಕ್ಕ ನಿಂತಿರೋದು ಆ ಸಂಖ್ಯೆ ಮೇಲೆ, ಯಾವ ಕಾರ್ಬ್ ಹಿಡೀಬೇಕು ಅಂತ ನಿಮ್ಮ ಡಾಕ್ಟ್ರನ್ನೇ ಕೇಳಿ. ಮುದ್ದೆಗೆ ಆಪ್‌ನಲ್ಲಿ ಹುಡುಕೋಕೇ ಹೋಗ್ಬೇಡಿ, ಮನೇಲಿ ನಾಲ್ಕು ಮುದ್ದೆಗೆ ಎಷ್ಟು ಹಿಟ್ಟು ಹಾಕ್ತೀರಿ ಅಂತ ಒಂದ್ಸಲ ತೂಗಿ, ನಾಲ್ಕರಿಂದ ಭಾಗಿಸಿ, ರಾಗಿ ಹಿಟ್ಟು ಇಷ್ಟು ಗ್ರಾಂ ಅಂತ ನೀವೇ ಒಂದು ಎಂಟ್ರಿ ಮಾಡಿಟ್ಕೊಳ್ಳಿ.